ಎಕ್ಸ್‌ರೇ ಅಣ್ಣ ಉಸಿರು ಹಿಡಿಸಿದ್ದು

ನಮ್ಮ ಎದುರುಮನೆಯ ಎಕ್ಸ್‌ರೇ ಅಣ್ಣ ಧ್ಯಾನದ ಗುರುವಾದದ್ದು ಒಂದು ಗಂಟಲುನೋವಿನಿಂದ. ಗಂಟಲು ಅವರದ್ದಲ್ಲ, ಬೇರೆಯವರದ್ದು.

ಚಳಿಗಾಲ ಮುಗಿಯುತ್ತ ಬಂದಿತ್ತು. ನಮ್ಮ ಕಟ್ಟಡದ ನಿವಾಸಿಗಳ ಸಂಘದವರು ‘ಋತು ಬದಲಾಗುತ್ತಿದೆ, ನಾವೂ ಬದಲಾಗೋಣ’ ಎಂಬ ಹೆಸರಿನಲ್ಲಿ ತಾರಸಿಯ ಮೇಲೆ ಹತ್ತು ಬೆಳಗಿನ ಧ್ಯಾನ ಶಿಬಿರ ಏರ್ಪಡಿಸಿದರು. ಏರ್ಪಡಿಸಿದರು ಎಂದರೆ ಕಾರ್ಯದರ್ಶಿ ಏರ್ಪಡಿಸಿದರು, ಉಳಿದವರು ತಲೆಯಾಡಿಸಿದರು. ಕಾರ್ಯದರ್ಶಿ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಪುಸ್ತಕದಲ್ಲಿ ಬರೆದುಕೊಳ್ಳದಿದ್ದರೆ ಸೂರ್ಯ ಹುಟ್ಟಿದ್ದನ್ನೂ ಅವರು ಒಪ್ಪುವುದಿಲ್ಲ.

ಮೊದಲ ದಿನ ಬಂದ ಗುರುಗಳು ಬಿಳಿ ಬಟ್ಟೆ ಉಟ್ಟು, ಬಹಳ ಮೆಲ್ಲಗೆ ಮಾತಾಡಿದರು. ಎಷ್ಟು ಮೆಲ್ಲಗೆ ಎಂದರೆ ಹಿಂದಿನ ಸಾಲಿನವರಿಗೆ ಒಂದಕ್ಷರವೂ ಕೇಳಲಿಲ್ಲ. ಅವರೇ ಎಲ್ಲರಿಗಿಂತ ಹೆಚ್ಚು ನೆಮ್ಮದಿಯಿಂದ ಮನೆಗೆ ಹೋದರು. ಎರಡನೇ ದಿನದ ಹೊತ್ತಿಗೆ ಗುರುಗಳ ಗಂಟಲು ಪೂರ್ತಿ ಕೂತುಬಿಟ್ಟಿತು. ಬರಲಾಗುವುದಿಲ್ಲ ಎಂದು ಚೀಟಿ ಕಳಿಸಿದರು, ಜೊತೆಗೆ ಹತ್ತು ದಿನ ಓದಬೇಕಾದ ಕಿರುಪುಸ್ತಕವನ್ನೂ ಕಳಿಸಿದರು. ‘ಯಾರಾದರೂ ನಿಧಾನವಾಗಿ ಓದಿದರೆ ಸಾಕು’ ಎಂದು ಅದರ ಮೇಲೆ ಬರೆದಿತ್ತು.

ಯಾರು ಓದುವುದು ಎಂದು ಮೆಟ್ಟಿಲ ಮೇಲೆ ನಿಂತು ಚರ್ಚೆ ನಡೆಯುತ್ತಿದ್ದಾಗ ಅಣ್ಣ ಹಾಲಿನ ಪ್ಯಾಕೆಟ್ ಹಿಡಿದು ಮೇಲೆ ಹತ್ತಿ ಬಂದರು. ವಿಷಯ ಏನೆಂದು ಕೇಳಿದರು. ಹೇಳಿದೆವು. ಸುಮ್ಮನೆ ಹತ್ತಿ ಹೋಗಬಹುದಿತ್ತು. ಒಂದು ಮೆಟ್ಟಿಲು ಹತ್ತಿ, ತಿರುಗಿ ನಿಂತು, “ಉಸಿರಿನ ವಿಷಯ ತಾನೇ? ಅದೇನು ದೊಡ್ಡದು ಬಿಡಿ. ನಾನು ಇಪ್ಪತ್ತೆಂಟು ವರ್ಷದಿಂದ ಜನರ ಕೈಲಿ ಅದನ್ನೇ ಮಾಡಿಸ್ತಿದ್ದೀನಿ” ಅಂದರು.

ಕಾರ್ಯದರ್ಶಿ ಪೆನ್ನು ತೆಗೆದರು. “ಇಪ್ಪತ್ತೆಂಟು ವರ್ಷದ ಅನುಭವ,” ಎಂದು ಬರೆದುಕೊಂಡರು. ಅಲ್ಲಿಗೆ ಮುಗಿಯಿತು.

ಅಣ್ಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವರು ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಆಪರೇಟರ್. ನೌಕರಿಯೂ ಮದುವೆಯೂ ಒಂದೇ ತಿಂಗಳಲ್ಲಿ ಆದದ್ದು. ಎರಡಕ್ಕೂ ಈಗ ಇಪ್ಪತ್ತೆಂಟು. ಅದರಲ್ಲಿ ನೌಕರಿ ಮಾತ್ರ ಈ ತಿಂಗಳ ಕೊನೆಗೆ ಮುಗಿಯುವುದಿತ್ತು. ಉಳಿದ ರಜೆಯನ್ನೆಲ್ಲ ಹಾಕಿಕೊಂಡು ಅವರು ಮನೆಯಲ್ಲೇ ಇದ್ದರು. ಮನೆಯಲ್ಲಿ ಅತ್ತಿಗೆಯ ಹೊಲಿಗೆ ಕೆಲಸ. ಕತ್ತಿನಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಹಾಗಾಗಿ ಅವರು ಮಾತಾಡುವುದು ಕಡಿಮೆ. ಆಡಿದ್ದು ಮೊನಚಾಗಿಯೇ ಇರುತ್ತಿತ್ತು. ಗಂಡ ಧ್ಯಾನ ಮಾಡಿಸುತ್ತಾರೆ ಎಂದು ಕೇಳಿದಾಗ ಅವರು ಸೂಜಿ ತೆಗೆದು ಇಷ್ಟೇ ಅಂದರು: “ಇವರಾ? ಊಟಕ್ಕೆ ಕೂತರೆ ಮೂರು ಸಲ ಏಳ್ತಾರೆ.”

ಮರುದಿನ ಬೆಳಿಗ್ಗೆ ಆರು ಗಂಟೆಗೆ ನಾವು ಹದಿನೇಳು ಜನ ತಾರಸಿಯಲ್ಲಿ ಚಾಪೆ ಹಾಸಿ ಕೂತೆವು. ಅತ್ತಿಗೆಯೂ ಹಿಂದಿನ ಸಾಲಿನಲ್ಲಿದ್ದರು. ಅಣ್ಣ ಕನ್ನಡಕ ಏರಿಸಿ ಪುಸ್ತಕ ಬಿಡಿಸಿದರು. ಆದರೆ ಇಪ್ಪತ್ತೆಂಟು ವರ್ಷದ ನಾಲಿಗೆ ಪುಸ್ತಕಕ್ಕಿಂತ ಮುಂಚೆ ಶುರುವಾಯಿತು.

“ಕತ್ತಿನ ಸರ, ಜೇಬಲ್ಲಿರೋ ಬೀಗದ ಕೈ, ಲೋಹದ ವಸ್ತು ಏನಿದ್ರೂ ತೆಗೆದು ಪಕ್ಕಕ್ಕಿಡಿ.”

ಇಟ್ಟೆವು. “ತ್ಯಾಗ,” ಎಂದು ಎರಡನೇ ಮಹಡಿಯ ಟೀಚರಮ್ಮ ಭಕ್ತಿಯಿಂದ ಪಿಸುಗುಟ್ಟಿದರು.

“ಬಸುರಿಯರು ಯಾರಾದ್ರೂ ಇದ್ದರೆ ಮೊದಲೇ ಹೇಳಿಬಿಡಿ.”

ಕೂತಿದ್ದ ಹೆಂಗಸರಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಐವತ್ತನಾಲ್ಕು ವರ್ಷ. 

ಅಣ್ಣ ಓದತೊಡಗಿದರು. “ಕಣ್ಣು ಮುಚ್ಚಿ. ನಿಮ್ಮೊಳಗೆ ಒಂದು ತಿಳಿನೀರಿನ ಕೊಳ ಇದೆ ಎಂದುಕೊಳ್ಳಿ. ಇಲ್ಲಿ ಅರ್ಧ ನಿಮಿಷ ನಿಲ್ಲಿಸುವುದು.” ನಿಲ್ಲಿಸದೆ ಮುಂದುವರಿದರು. “ಕೊಳದ ಮೇಲೆ ಒಂದು ಎಲೆ ಬಿತ್ತು. ಧ್ವನಿ ಇನ್ನಷ್ಟು ಮೆಲ್ಲಗೆ ಮಾಡುವುದು.” ಇದನ್ನೂ ಅಷ್ಟೇ ಗಟ್ಟಿಯಾಗಿ ಓದಿದರು. “ಗಲ್ಲ ಸ್ವಲ್ಪ ಮೇಲೆ. ಭುಜ ಮುಂದಕ್ಕೆ. ಅಲ್ಲಾಡಬೇಡಿ. ಉಸಿರು ಎಳ್ಕೊಳ್ಳಿ... ಇನ್ನೂ... ಹಿಡ್ಕೊಳ್ಳಿ!”

ಹಿಡಿದುಕೊಂಡೆವು. ಅಣ್ಣ ಅಭ್ಯಾಸಬಲದಿಂದ ಪುಸ್ತಕ ಕೆಳಗಿಟ್ಟು, ಸರಸರ ನಡೆದು, ನೀರಿನ ಟ್ಯಾಂಕಿನ ಗೋಡೆಯ ಹಿಂದೆ ಹೋದರು. ಆಸ್ಪತ್ರೆಯಲ್ಲಾದರೆ ಗೋಡೆಯ ಹಿಂದೆ ಒತ್ತುವ ಗುಂಡಿ ಇರುತ್ತದೆ. ಇಲ್ಲಿ ಒಗೆದ ಬಟ್ಟೆ ಮಾತ್ರ ಇತ್ತು. ಅವರು ಗುಂಡಿ ಹುಡುಕುತ್ತ ನಿಂತರು. ಇತ್ತ ಹದಿನೇಳು ಜನ ಕೆನ್ನೆ ಉಬ್ಬಿಸಿಕೊಂಡು ಕೆಂಪಾಗಿ, ಆಮೇಲೆ ನೇರಳೆಯಾಗಿ, ಆತ್ಮಾವಲೋಕನ ಮಾಡಿಕೊಂಡೆವು. ಆ ಹೊತ್ತಿನಲ್ಲಿ ನನ್ನ ಇಡೀ ಬದುಕು ಕಣ್ಣ ಮುಂದೆ ಹಾದುಹೋದದ್ದು ನಿಜ.

“ಅಯ್ಯೋ, ಬಿಡಿ! ಬಿಡಿ!” ಎಂದು ಗೋಡೆಯ ಹಿಂದಿನಿಂದ ಕೂಗು ಕೇಳಿತು.

ಹದಿನೇಳು ಜನರ ಉಸಿರು ಒಟ್ಟಿಗೆ ಹೊರಬಿದ್ದ ಸದ್ದಿಗೆ ಪಾರಿವಾಳಗಳು ಎದ್ದುಹೋದವು. ಅಣ್ಣ ಓಡಿಬಂದು, ಆಸ್ಪತ್ರೆಗೆ ಹೆದರಿಕೊಂಡು ಬಂದವರಿಗೆ ದಿನಾ ಹೇಳುವ ಮಾತನ್ನೇ ಹೇಳಿದರು. “ಆಯ್ತು. ಅಷ್ಟೇ. ಏನೂ ಆಗಲಿಲ್ಲ ನೋಡಿ.”

ಇದನ್ನು ನೀವು ನಂಬಬೇಕು: ಆ ಮಾತಿಗೆ ಟೀಚರಮ್ಮನ ಕಣ್ಣಲ್ಲಿ ನೀರು ಬಂತು. “ನನಗೆ ಹೀಗೆ ಯಾರೂ ಹೇಳಿರಲಿಲ್ಲ” ಅಂದರು. ಕಾರ್ಯದರ್ಶಿ ಗಡಿಯಾರ ನೋಡಿ, ‘ನಲವತ್ತೊಂದು ಸೆಕೆಂಡ್. ಪರಿಣಾಮ ತೃಪ್ತಿಕರ’ ಎಂದು ಬರೆದರು. ಮರುದಿನ ಇಪ್ಪತ್ತಮೂರು ಜನ ಬಂದರು. ಅಣ್ಣ ಕನ್ನಡಿಯ ಮುಂದೆ ನಿಂತು ಬಿಳಿ ಶರ್ಟು ಹಾಕಿಕೊಳ್ಳತೊಡಗಿದರು.

ಐದನೇ ಬೆಳಿಗ್ಗೆಯ ಪಾಠ ಹೀಗಿತ್ತು: ‘ಈ ಋತುವಿನಲ್ಲಿ ಮರ ತನ್ನ ಹಣ್ಣೆಲೆಗಳನ್ನು ಬಿಟ್ಟುಬಿಡುತ್ತದೆ. ನಾವು ಏನನ್ನು ಬಿಡಬೇಕು? ಒಂದು ಚೀಟಿಯಲ್ಲಿ ಬರೆಯಿರಿ. ಹೆಸರು ಬೇಡ. ಯಾರೂ ಓದುವುದಿಲ್ಲ. ಕೊನೆಯ ದಿನ ಎಲ್ಲವನ್ನೂ ನೀರಿಗೆ ಹಾಕಿ ಕರಗಿಸೋಣ.’ ಬಿಸ್ಕತ್ತಿನ ಡಬ್ಬಿಯೊಂದನ್ನು ನಡುವೆ ಇಟ್ಟರು. ಎಲ್ಲರೂ ಬರೆದು ಹಾಕಿದರು.

ಯಾರೂ ಓದುವುದಿಲ್ಲ ಎಂಬುದು ಪುಸ್ತಕದ ಮಾತು. ಎಷ್ಟು ಚೀಟಿ ಬಂದಿವೆ ಎಂದು ಲೆಕ್ಕ ಬೇಕು ಎಂಬುದು ಕಾರ್ಯದರ್ಶಿಯ ಮಾತು. ಅಣ್ಣ ಮನೆಯಲ್ಲಿ ಡಬ್ಬಿ ತೆರೆದು ಎಣಿಸಲು ಕೂತರು. ಕಣ್ಣಿಗೆ ಬಿದ್ದರೆ ಏನು ಮಾಡುವುದು? ‘ಸಕ್ಕರೆ’ ಎಂದು ಆರು ಚೀಟಿ. ‘ಮೂರನೇ ಮಹಡಿಯವಳ ಸಹವಾಸ’ ಎಂದು ಒಂದು. ‘ಕಾರ್ಯದರ್ಶಿ ಹುದ್ದೆ’ ಎಂದು ಬರೆದು, ಆಮೇಲೆ ನೀಟಾಗಿ ಗೆರೆ ಎಳೆದು ಹೊಡೆದುಹಾಕಿದ್ದು ಒಂದು. ಅದರ ಕೆಳಗೆ ಒಂದು ಮಡಿಸಿದ ಹಾಳೆ, ಉದ್ದಕ್ಕೆ ‘ತೋಳು, ಎದೆ, ಸೊಂಟ’ ಎಂದು ಅಚ್ಚಾಗಿದ್ದು. ಅತ್ತಿಗೆಯ ಅಳತೆ ಪುಸ್ತಕದ ಹಾಳೆ.

ಅದನ್ನು ಹಿಡಿದುಕೊಂಡೇ ಅಣ್ಣ ನಮ್ಮ ಮನೆ ಬಾಗಿಲು ತಟ್ಟಿದರು. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಅಕ್ಷರದ ವಿಷಯ ಏನಿದ್ದರೂ ಕಟ್ಟಡದವರು ನನ್ನ ಹತ್ತಿರ ಬರುತ್ತಾರೆ.

“ತಮ್ಮಾ, ಇದನ್ನ ಓದು. ಇದಕ್ಕೆ ಬೇರೆ ಏನಾದ್ರೂ ಅರ್ಥ ಬರುತ್ತಾ ನೋಡು.”

ಓದಿದೆ. ‘ಇಪ್ಪತ್ತೆಂಟು ವರ್ಷ ಹೊತ್ತುಕೊಂಡು ಓಡಾಡಿದ್ದು ಸಾಕಾಯಿತು. ಒಂದು ದಿನವೂ ಯಾರಿಗೂ ಹೇಳಲಿಲ್ಲ. ಈ ತಿಂಗಳ ಕೊನೆಗೆ ಬಿಟ್ಟುಬಿಡುತ್ತೇನೆ.’

ಕಾಗುಣಿತ ನೋಡಿದೆ, ಸರಿಯಾಗಿತ್ತು. ಪೂರ್ಣವಿರಾಮಗಳೂ ಇದ್ದವು. ಏನನ್ನು ಬಿಡುತ್ತೇನೆ ಎಂಬ ಒಂದು ಪದ ಮಾತ್ರ ಇರಲಿಲ್ಲ. ಇಡೀ ಜೀವಮಾನ ಬಿಟ್ಟುಹೋದ ಪದ ಹುಡುಕುವುದೇ ಕೆಲಸವಾದ ನನಗೆ ಅದು ಕಾಣಲಿಲ್ಲ. ತಲೆ ಎತ್ತಿ, ಗಂಭೀರವಾಗಿ, “ಸ್ಪಷ್ಟವಾಗಿದೆ ಅಣ್ಣ” ಅಂದೆ.

“ನನ್ನನ್ನೇ ತಾನೇ?”

“ಮದುವೆಯಾಗಿ ಎಷ್ಟು ವರ್ಷ?”

“ಇಪ್ಪತ್ತೆಂಟು.”

“ಮತ್ತೆ?”

ಅಣ್ಣ ನಮ್ಮ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತರು. “ಅವಳು ಒಂದು ದಿನವೂ ಬೇಜಾರು ಅಂತ ಬಾಯಿ ಬಿಟ್ಟಿಲ್ಲ ಕಣೋ. ನಾನೂ ಕೇಳಲಿಲ್ಲ. ಬಾಯಲ್ಲಿ ಸೂಜಿ ಇರುತ್ತಲ್ಲ, ಅದಕ್ಕೇ ಮಾತಾಡಲ್ಲ ಅಂದ್ಕೊಂಡಿದ್ದೆ.”

ನೇರವಾಗಿ ಹೋಗಿ ಕೇಳಿಬಿಡಿ ಎಂದು ನಾನು ಹೇಳಬಹುದಿತ್ತು. ಆದರೆ ಸಲಹೆಗೆಂದು ಬಂದವರಿಗೆ ಅಷ್ಟು ಚಿಕ್ಕ ಸಲಹೆ ಕೊಟ್ಟರೆ ಕೊಟ್ಟವನ ಮರ್ಯಾದೆ ಏನಾಗಬೇಕು? ಅಲ್ಲದೆ ಅಣ್ಣನೇ ಅಂದರು, “ಯಾರೂ ಓದಲ್ಲ ಅಂತ ಮಾತು ಕೊಟ್ಟವನೇ ನಾನು. ಓದಿದೆ ಅಂತ ಯಾವ ಮುಖ ಇಟ್ಕೊಂಡು ಹೇಳಲಿ?” ಅದೂ ಸರಿಯೇ. ಹಾಗಾಗಿ ನಾನು, “ತಿಂಗಳ ಕೊನೆಗೆ ಇನ್ನೂ ಹನ್ನೆರಡು ದಿನ ಇದೆ. ಅತ್ತಿಗೆಗೆ ಕೆಲಸದಲ್ಲಿ ಸಹಾಯ ಮಾಡಿ, ನಯವಾಗಿ ಮಾತಾಡಿ, ಮನಸ್ಸು ಬದಲಾಗಬಹುದು” ಅಂದೆ.

ಅಣ್ಣ ಅಂದೇ ಶುರುಮಾಡಿದರು. ಅತ್ತಿಗೆಯ ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿ ಯಾವುದೂ ಕೈಗೆ ಸಿಗದ ಹಾಗೆ ಮಾಡಿದರು. ಯಾರದ್ದೋ ಹೊಸ ಪ್ಯಾಂಟಿಗೆ ಇಸ್ತ್ರಿ ಹಾಕಲು ಹೋಗಿ ಮೊಣಕಾಲಿನ ಮೇಲೆ ಇಸ್ತ್ರಿಪೆಟ್ಟಿಗೆಯ ಚಿತ್ರ ಮೂಡಿಸಿದರು. ಚಹಾ ಕೊಟ್ಟರೆ ‘ತುಂಬಾ ಉಪಕಾರವಾಯ್ತು’ ಅಂದರು. ಊಟಕ್ಕೆ ಕೂತವರು ಒಂದು ಸಲವೂ ಏಳಲಿಲ್ಲ. ಆದರೆ ಊಟವೂ ಇಳಿಯಲಿಲ್ಲ.

ಮೂರನೇ ದಿನ ಅತ್ತಿಗೆ ಬಾಯಿಂದ ಸೂಜಿ ತೆಗೆದರು.

“ಏನಾಗಿದೆ ನಿಮಗೆ?”

“ಏನಿಲ್ಲ.” ಅಣ್ಣ ಬಹಳ ಯೋಚಿಸಿ, ಮೃದುವಾಗಿ, ಪುಸ್ತಕದಲ್ಲಿ ಬರೆದಂತೆ ಧ್ವನಿ ಇನ್ನಷ್ಟು ಮೆಲ್ಲಗೆ ಮಾಡಿ ಹೇಳಿದರು. “ಇರೋಷ್ಟು ದಿನ ಚೆನ್ನಾಗಿರೋಣ ಅಂತ.”

ಅತ್ತಿಗೆಯ ಕೈಯಲ್ಲಿ ಕತ್ತರಿ ಬಟ್ಟೆಯ ನಡುವೆಯೇ ನಿಂತುಹೋಯಿತು.

ಅಂದಿನಿಂದ ಅತ್ತಿಗೆಯೂ ಬದಲಾದರು. ಅಣ್ಣ ಇಷ್ಟಪಡುವುದನ್ನೇ ಅಡುಗೆ ಮಾಡಿದರು. ಮೆಟ್ಟಿಲು ಹತ್ತುವಾಗ ಅವರ ಕೈ ಹಿಡಿದರು. ಕಿಟಕಿ ಪಕ್ಕದ ಕುರ್ಚಿಗೆ ಹೊಸ ದಿಂಬು ಹೊಲಿದುಕೊಟ್ಟರು. ಅವರ ಕಣ್ಣು ಕೆಂಪಾಗಿರುತ್ತಿತ್ತು. ಇದನ್ನೆಲ್ಲ ಅಣ್ಣ ನನಗೆ ವರದಿ ಮಾಡಿ, “ನೋಡಿದೆಯಾ, ಹೊರಡೋ ಮೊದಲು ಕೊನೆಯ ಉಪಚಾರ ಮಾಡ್ತಿದ್ದಾಳೆ” ಎಂದು ಮೂಗು ಒರೆಸಿಕೊಂಡರು. ಅತ್ತಿಗೆ ಮೃದುವಾದಷ್ಟೂ ಅಣ್ಣನಿಗೆ ದಿಗಿಲು, ಅಣ್ಣ ದಿಗಿಲುಗೊಂಡಷ್ಟೂ ಅತ್ತಿಗೆ ಇನ್ನೂ ಮೃದು. ಕಟ್ಟಡದ ಉಳಿದ ಹೆಂಗಸರು ತಮ್ಮ ಗಂಡಂದಿರಿಗೆ, “ಅವರನ್ನ ನೋಡಿ ಕಲೀರಿ, ಧ್ಯಾನ ಅಂದ್ರೆ ಅದು” ಎನ್ನತೊಡಗಿದರು.

ಈ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ, ಕಾರ್ಯದರ್ಶಿಯೊಬ್ಬರನ್ನು ಬಿಟ್ಟು. ಅವರಿಗೂ ಯಾರಿಗೂ ಹೇಳಬೇಡಿ ಎಂದೇ ಹೇಳಿದೆ. ಅವರು ಪುಸ್ತಕ ತೆರೆದು, “ತಕ್ಕಡಿ ಒಂದು ಕಡೆ ವಾಲಿದೆ. ನಿಯಮದ ಪ್ರಕಾರ ಕ್ರಮ ತಗೋಬೇಕು” ಅಂದರು. ಸಂಘಕ್ಕೆ ಸೇರುವಾಗ ಎಲ್ಲರೂ ತುಂಬಿಕೊಟ್ಟ ಅರ್ಜಿಯಲ್ಲಿ ‘ತುರ್ತು ಸಂದರ್ಭದಲ್ಲಿ ತಿಳಿಸಬೇಕಾದವರು’ ಎಂದು ಒಂದು ಜಾಗ ಇದೆ. ಅಣ್ಣನ ಅರ್ಜಿಯಲ್ಲಿ ಎರಡು ಹೆಸರಿದ್ದವು: ಅತ್ತಿಗೆಯ ತಮ್ಮ ಮತ್ತು ಅಣ್ಣನ ಅಕ್ಕ. ಕಾರ್ಯದರ್ಶಿ ಇಬ್ಬರಿಗೂ ಫೋನು ಮಾಡಿ, “ವಿಷಯ ಸೂಕ್ಷ್ಮ. ತಿಂಗಳ ಕೊನೆಯವರೆಗೆ ಮಾತ್ರ ಸಮಯ. ಕೂಡಲೇ ಹೊರಟು ಬನ್ನಿ” ಅಂದರು. ಸೂಕ್ಷ್ಮ ಏನೆಂದು ಬಿಡಿಸಿ ಹೇಳುವುದು ಅವರ ಪದ್ಧತಿಯಲ್ಲ. ಮೂರು ಸಲ ಕೇಳಿದ ಮೇಲೆ ಅರ್ಧ ಹೇಳಿದರಂತೆ.

ಒಂಬತ್ತನೇ ದಿನ, ಶನಿವಾರ ಬೆಳಿಗ್ಗೆ, ಧ್ಯಾನ ಮುಗಿಸಿ ಕೆಳಗಿಳಿದಾಗ ಅಣ್ಣನ ಮನೆಯಲ್ಲಿ ನೆಂಟರಿದ್ದರು.

ಅತ್ತಿಗೆಯ ತಮ್ಮ ಡ್ರೈವಿಂಗ್ ಶಾಲೆ ನಡೆಸುವವನು. ಕಲಿಯುವವರ ಪಕ್ಕದಲ್ಲಿ ಹದಿನೈದು ವರ್ಷ ಕೂತು ಅವನ ಬಲಗಾಲು ಸದಾ ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ಅವನು ಅಕ್ಕನನ್ನು ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂರಿಸಿದ.

“ಅಕ್ಕಾ, ಗಾಬರಿ ಆಗಬೇಡ. ಎಲ್ಲ ಗೊತ್ತಾಗಿದೆ.”

“ನಿನಗೂ ಗೊತ್ತಾ?” ಅತ್ತಿಗೆ ಕೇಳಿದರು.

“ಇಡೀ ಬಿಲ್ಡಿಂಗಿಗೇ ಗೊತ್ತು.”

“ನನಗೊಬ್ಬಳಿಗೇ ಹೇಳಲಿಲ್ಲ ನೋಡು ಇವರು. ಎಷ್ಟು ದಿನ ಅಂತೆ?”

“ತಿಂಗಳ ಕೊನೆವರೆಗೆ ಅಂತ ಬರೆದಿದೆಯಂತೆ. ಭಾವ ಕಣ್ಣಾರೆ ಓದಿದ್ದಾರೆ.”

“ಬರೆದೂ ಕೊಟ್ಟುಬಿಟ್ಟರಾ!”

ಅಷ್ಟರಲ್ಲಿ ಅಣ್ಣನ ಅಕ್ಕ ಅಡ್ಡಬಂದು ಅತ್ತಿಗೆಯನ್ನು ತಬ್ಬಿಕೊಂಡರು. ಎಪ್ಪತ್ತು ದಾಟಿದ ಹೆಂಗಸು, ತಬ್ಬಿದರೆ ಬಿಡುವವರಲ್ಲ. “ನಿನ್ನ ತಪ್ಪಿಲ್ಲಮ್ಮಾ. ಇಪ್ಪತ್ತೆಂಟು ವರ್ಷ ಅವನನ್ನ ಮಗು ಥರ ನೋಡ್ಕೊಂಡಿದ್ದೀಯ. ಅವನ ಹಣೇಲಿ ಇಷ್ಟೇ ಬರೆದಿದ್ದರೆ ಯಾರೇನು ಮಾಡೋಕಾಗುತ್ತೆ? ಆದರೂ ತಿಂಗಳ ಕೊನೆ ಅಂದ್ರೆ ತೀರಾ ಹತ್ತಿರ ಆಯ್ತು. ಸ್ವಲ್ಪ ಮುಂದೆ ಹಾಕೋಕೆ ಆಗಲ್ವಾ?”

“ಅದು ನನ್ನ ಕೈಲಿದೆಯಾ ಅಕ್ಕಾ?” ಎಂದು ಅತ್ತಿಗೆ ಬಿಕ್ಕಿದರು.

“ನಿನ್ನ ಕೈಲೇ ಇರೋದಮ್ಮಾ!” ಎಂದು ಅಕ್ಕನೂ ಬಿಕ್ಕಿದರು.

ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದ ಅಣ್ಣ ಇದನ್ನೆಲ್ಲ ಕೇಳಿಸಿಕೊಂಡರು. ಅತ್ತಿಗೆ ಎದ್ದರು. ಕಣ್ಣು ಒರೆಸಿ, ಕತ್ತಿನ ಟೇಪು ತೆಗೆದು, ಒಂದೂ ಮಾತಾಡದೆ ಗಂಡನ ಎದೆಗೆ ಸುತ್ತಿ ಅಳತೆ ನೋಡಿದರು. ಅಳತೆ ಪುಸ್ತಕ ತೆರೆದು ಹಳೆಯದನ್ನು ನೋಡಿದರು.

“ಒಂದು ಇಂಚು ಇಳಿದಿದೆ,” ಅಂದರು. ಪುಸ್ತಕ ಮುಚ್ಚಿದರು. “ನಡೀರಿ. ಈಗಲೇ ಹೋಗೋಣ.”

“ಎಲ್ಲಿಗೆ?”

“ಎಲ್ಲಿಗೆ ಅಂತ ನಿಮಗೆ ಗೊತ್ತಿಲ್ವಾ? ಇನ್ನೂ ಮುಚ್ಚಿಡಬೇಡಿ.”

ಅಣ್ಣ ನನ್ನ ತೋಳು ಹಿಡಿದರು. “ತಮ್ಮಾ, ನೀನೂ ಬಾ. ಯಾರಾದ್ರೂ ನನ್ನ ಕಡೆಯವರು ಇರಲಿ.”

ಅಣ್ಣನ ಅಕ್ಕನನ್ನು ಮನೆಯಲ್ಲೇ ಬಿಟ್ಟು ನಾವು ನಾಲ್ವರು ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಹೊರಟೆವು. ಮುಂದೆ ಅತ್ತಿಗೆ ಕೂತ ಕಡೆಯೂ ಒಂದು ಬ್ರೇಕು ಇತ್ತು. ಅವರಿಗೆ ದುಃಖ ಉಕ್ಕಿದಾಗಲೆಲ್ಲ ಕಾಲು ಅದರ ಮೇಲೆ ಬೀಳುತ್ತಿತ್ತು. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತಿತ್ತು, ಹಿಂದಿನವರು ಹಾರನ್ ಹೊಡೆಯುತ್ತಿದ್ದರು, ಕಾರಿನ ಮೇಲಿನ ಕೆಂಪಕ್ಷರ ನೋಡಿ ‘ಕಲೀತಿದ್ದಾರೆ ಪಾಪ’ ಎಂದು ಸುಮ್ಮನಾಗುತ್ತಿದ್ದರು. ಕೋರ್ಟಿನ ತಿರುವು ಬಂದಾಗ ಅಣ್ಣ ನನ್ನ ಕೈಯನ್ನು ಮೂಳೆ ಕಾಣುವಷ್ಟು ಬಿಗಿಯಾಗಿ ಹಿಡಿದರು. ಕಾರು ತಿರುಗಲಿಲ್ಲ. ನೇರ ಹೋಗಿ ಆಸ್ಪತ್ರೆಯ ಗೇಟಿನಲ್ಲಿ ನಿಂತಿತು.

“ನನ್ನ ಕೆಲಸದ ಜಾಗದಲ್ಲೇ, ಎಲ್ಲರೆದುರು ಹೇಳ್ತಾಳೆ,” ಎಂದು ಅಣ್ಣ ಪಿಸುಗುಟ್ಟಿದರು. “ಹೇಳಲಿ ಬಿಡು. ಅವಳಿಗೆ ಅಷ್ಟೂ ಹಕ್ಕಿಲ್ವಾ?”

ಎಕ್ಸ್‌ರೇ ಕೋಣೆಯ ಕಿಟಕಿಯಲ್ಲಿ ಅವರ ಜೊತೆಯ ಆಪರೇಟರಮ್ಮ ಕೂತಿದ್ದರು. ಹತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವರು. ಕಿಟಕಿಯ ಮುಂದೆ ಎಂಟು ಹತ್ತು ಜನರ ಸಾಲು. ಅತ್ತಿಗೆ ಸಾಲನ್ನು ಲೆಕ್ಕಿಸದೆ ಮುಂದೆ ಹೋಗಿ, “ಇವರ ಎದೆ ಎಕ್ಸ್‌ರೇ ತೆಗೀರಿ” ಅಂದರು.

ಆಪರೇಟರಮ್ಮ ಗಾಬರಿಯಾಗಿ ಎದ್ದು ನಿಂತರು. “ಸರ್‌ದಾ? ಏನಾಯ್ತು? ಡಾಕ್ಟರ ಚೀಟಿ ಎಲ್ಲಿ?”

ಚೀಟಿ ಎಂಬ ಮಾತು ಕೇಳಿದ್ದೇ ಅಣ್ಣನ ಧೈರ್ಯವೆಲ್ಲ ಕುಸಿಯಿತು. ಸಿಕ್ಕಿಬಿದ್ದವರಂತೆ ಎಡಗಡೆ ಜೇಬಿಗೆ ಕೈಹಾಕಿ, “ಚೀಟಿ ನನ್ನ ಹತ್ರಾನೇ ಇದೆ. ತಪ್ಪಾಯ್ತು. ಓದಬಾರದಿತ್ತು” ಎನ್ನುತ್ತ ತೆಗೆದುಕೊಟ್ಟರು.

ಆಪರೇಟರಮ್ಮ ಕನ್ನಡಕ ಸರಿಮಾಡಿಕೊಂಡು, ವೃತ್ತಿಯ ಅಭ್ಯಾಸದಂತೆ ಗಟ್ಟಿಯಾಗಿ ಓದಿದರು. “ತೋಳು, ಎದೆ, ಸೊಂಟ... ಇಷ್ಟೂ ತೆಗೀಬೇಕಾ? ‘ಇಪ್ಪತ್ತೆಂಟು ವರ್ಷ ಹೊತ್ತುಕೊಂಡು ಓಡಾಡಿದ್ದು ಸಾಕಾಯಿತು...’ ಎಂಥ ಚೀಟಿ ಸರ್ ಇದು? ‘ಈ ತಿಂಗಳ ಕೊನೆಗೆ ಬಿಟ್ಟುಬಿಡುತ್ತೇನೆ.’ ಇದರಲ್ಲಿ ಡಾಕ್ಟರ ಸಹಿನೇ ಇಲ್ವಲ್ಲ!”

“ಅದು ನನ್ನದು!” ಎಂದು ಅತ್ತಿಗೆ ಕಿಟಕಿಯೊಳಗೆ ಕೈಹಾಕಿ ಕಿತ್ತುಕೊಂಡರು. “ಇದು ನಿಮ್ಮ ಜೇಬಿಗೆ ಹೇಗೆ ಬಂತು?”

“ಎಣಿಸೋವಾಗ ಕಣ್ಣಿಗೆ ಬಿತ್ತು ಕಣೇ.” ಅಣ್ಣ ತಲೆ ತಗ್ಗಿಸಿದರು. “ನೀನು ಹೋಗೋದಾದ್ರೆ ತಡೆಯಲ್ಲ. ನಾನು ಯಾವತ್ತೂ ನಿನ್ನ ಏನೂ ಕೇಳಲಿಲ್ಲ, ನನ್ನದೇ ತಪ್ಪು. ಆದರೆ ತಿಂಗಳ ಕೊನೆಗೇ ಯಾಕೆ? ಅವತ್ತು ನನಗೆ ಇಲ್ಲೂ ಕೆಲಸ ಇರಲ್ಲ.”

“ನಾನು ಎಲ್ಲಿಗೆ ಹೋಗಲಿ?”

“ನನ್ನ ಬಿಟ್ಟು.”

ಸಾಲಿನಲ್ಲಿ ನಿಂತವರೆಲ್ಲ ಹತ್ತಿರ ಸರಿದರು. ಕೈಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಅಜ್ಜ ಮುಂದಿನವರನ್ನು ಪಕ್ಕಕ್ಕೆ ತಳ್ಳಿ ಕಿವಿಗೊಟ್ಟರು.

“ನಿಮಗೆ ಕಾಯಿಲೆ ಅಲ್ವಾ?” ಅತ್ತಿಗೆ ಕೇಳಿದರು.

“ಯಾರಿಗೆ?”

“ಇರೋಷ್ಟು ದಿನ ಅಂದ್ರಲ್ಲ!”

“ನೀನು ಇರೋಷ್ಟು ದಿನ ಅಂದೆ!”

ಭಾವಮೈದ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿದ್ದ ‘ಮೌನವಾಗಿರಿ’ ಎಂಬ ಫಲಕದ ಕಾಗುಣಿತ ಪರೀಕ್ಷಿಸಿದೆ.

“ಹಾಗಾದ್ರೆ ಏನನ್ನ ಬಿಡ್ತೀನಿ ಅಂತ ಬರೆದೆ?” ಅಣ್ಣ ಕೇಳಿದರು.

ಅತ್ತಿಗೆ ಚೀಟಿಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಅಂದು ಅವರ ಬಾಯಲ್ಲಿ ಸೂಜಿ ಇರಲಿಲ್ಲ. 

“ಹೆದರಿಕೆ,” ಅಂದರು. “ನೀವು ಕೆಲಸಕ್ಕೆ ಸೇರಿದ ವಾರವೇ ಯಾರೋ ಹೇಳಿದ್ದರು, ಆ ಯಂತ್ರದ ಹತ್ರ ಇರೋರನ್ನ ಅದು ಒಳಗಿಂದೊಳಗೇ ತಿನ್ನುತ್ತೆ ಅಂತ. ಅವತ್ತಿಂದ ನೀವು ದಿನಾ ಬೆಳಿಗ್ಗೆ ಬ್ಯಾಗ್ ಹಿಡಿದು ಮೆಟ್ಟಿಲು ಇಳಿಯೋವಾಗ ನಾನು ಕೆಮ್ಮು ಎಣಿಸ್ತಿದ್ದೆ. ಶರ್ಟು ಹೊಲೀತೀನಿ ಅಂತ ಆರು ತಿಂಗಳಿಗೊಂದು ಸಲ ಎದೆ ಅಳತೆ ತಗೊಳ್ತಿದ್ದೆನಲ್ಲ, ಶರ್ಟಿಗಲ್ಲ ಅದು. ಇಳಿದಿದೆಯಾ ಅಂತ ನೋಡೋಕೆ. ನಿಮ್ಮ ಎಡಗಡೆ ಜೇಬಿಗೆ ಒಳಗಿಂದ ಮೂರು ಪದರ ಬಟ್ಟೆ ಕೊಡ್ತೀನಿ. ಒಳಗೆ ಹೋಗೋದು ಅಷ್ಟಾದ್ರೂ ಕಡಿಮೆ ಆಗಲಿ ಅಂತ.”

ಅಣ್ಣನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಇಪ್ಪತ್ತೆಂಟು ವರ್ಷ ಪೆನ್ನು ಸಿಕ್ಕಿಸಿದಾಗಲೆಲ್ಲ ಆ ಜೇಬು ಯಾಕೆ ಇಷ್ಟು ದಪ್ಪ ಎಂದು ಗೊಣಗಿದವರು ಅವರು.

“ಈ ತಿಂಗಳ ಕೊನೆಗೆ ನೌಕರಿ ಮುಗಿದರೆ ನೀವು ಮತ್ತೆ ಆ ಕೋಣೆಗೆ ಹೋಗೋದೇ ಇರಲ್ಲ. ಇನ್ನು ಹೆದರೋದು ಬಿಡಬಹುದು ಅಂತ ಬರೆದೆ. ಬರೆದ ಮೂರೇ ದಿನಕ್ಕೆ ನೀವು ಹಾಗಂದ್ರಿ.”

“ನನ್ನ ಕೇಳಬಾರದಿತ್ತಾ? ಅಲ್ಲಿ ಸೀಸದ ಗೋಡೆ ಇದೆ, ಸೀಸದ ಏಪ್ರನ್ ಇದೆ. ಎದೆಗೆ ಬ್ಯಾಡ್ಜ್ ಹಾಕ್ತಾರೆ, ಒಂದು ಚೂರು ಹೆಚ್ಚಾದ್ರೂ ಅದರಲ್ಲಿ ಗೊತ್ತಾಗುತ್ತೆ. ಒಂದು ಸಲ ಕೇಳಿದ್ದರೆ ಎಲ್ಲ ಹೇಳ್ತಿದ್ದೆನಲ್ಲೇ!”

“ಕೇಳಿದ ಮೇಲೆ ನೀವು ‘ಹೌದು’ ಅಂದಿದ್ದರೆ ಆಮೇಲೆ ನಾನು ನಿಮ್ಮನ್ನ ಹೇಗೆ ಕಳಿಸ್ತಿದ್ದೆ?” ಅಂದರು ಅತ್ತಿಗೆ.

 

ಗಲಾಟೆ ಏನೆಂದು ಒಳಗಿಂದ ಡಾಕ್ಟರಮ್ಮ ಬಂದರು. ಆಪರೇಟರಮ್ಮ ನಾಲ್ಕು ಮಾತಿನಲ್ಲಿ ಹೇಳಿದರು. ನಡುನಡುವೆ ಪಟ್ಟಿ ಕಟ್ಟಿದ ಅಜ್ಜ ತಿದ್ದಿದರು. ಡಾಕ್ಟರಮ್ಮ ಎಲ್ಲ ಕೇಳಿ, “ಕಾರಣ ಇಲ್ಲದೆ ಎಕ್ಸ್‌ರೇ ತೆಗೆಯೋ ಹಾಗಿಲ್ಲಮ್ಮ. ಇವರೇ ನನಗೆ ಅದನ್ನ ದಿನಾ ಹೇಳೋರು” ಅಂದರು. ಬೀರುವಿನಿಂದ ಒಂದು ಕಡತ ತಂದು ಮುಂದಿಟ್ಟರು. ಪ್ರತಿ ವರ್ಷದ ಆರೋಗ್ಯ ತಪಾಸಣೆಯ ವರದಿಗಳು. ಹಾಳೆ ತಿರುವುತ್ತ ಹೋದರು. ಎಲ್ಲದರಲ್ಲೂ ಕೊನೆಗೆ ಒಂದೇ ಮಾತು, ‘ತೊಂದರೆ ಏನೂ ಇಲ್ಲ.’

“ಮತ್ತೆ ಒಂದು ಇಂಚು?” ಅತ್ತಿಗೆ ಬಿಡಲಿಲ್ಲ.

“ಎಷ್ಟು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ನೀವು?”

“ನಾಲ್ಕು,” ಅಂದರು ಅಣ್ಣ.

ಡಾಕ್ಟರಮ್ಮ ಅತ್ತಿಗೆಯ ಮುಖ ನೋಡಿದರು. ವರದಿ ಆ ಮುಖಕ್ಕೆ ಸಾಲದಾಗಿತ್ತು. ಅವರು ತಮ್ಮ ಕತ್ತಿನ ಸ್ಟೆತಾಸ್ಕೋಪ್ ತೆಗೆದು, ಅದನ್ನು ಅತ್ತಿಗೆಯ ಕಿವಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅಣ್ಣನ ಎದೆಗೆ ಒತ್ತಿ ಹಿಡಿದರು.

“ಸರ್, ಉಸಿರು ಎಳ್ಕೊಳ್ಳಿ.”

ಲಕ್ಷ ಜನಕ್ಕೆ ಈ ಮಾತು ಹೇಳಿದ ಅಣ್ಣ ಅದನ್ನು ಕೇಳಿಸಿಕೊಂಡದ್ದು ಅಪರೂಪ. ಹೇಗೆ ಮಾಡುವುದೆಂದೇ ಮರೆತವರಂತೆ ನಿಂತರು. ಆಮೇಲೆ ಎಳೆದುಕೊಂಡರು, ಬಿಟ್ಟರು. ಅತ್ತಿಗೆ ಕಣ್ಣು ಮುಚ್ಚಿ ಕೇಳಿದರು. ಹುಬ್ಬು ಗಂಟಿಕ್ಕಿದ್ದು ಸಡಿಲವಾಯಿತು. ಕಿಟಕಿಯ ಮುಂದಿದ್ದ ಎಂಟು ಹತ್ತು ಜನ ಯಾರೂ ಅಲ್ಲಾಡಲಿಲ್ಲ.

“ಸಾಕಾ ಅಮ್ಮಾ?” ಡಾಕ್ಟರಮ್ಮ ಕೇಳಿದರು.

ಅತ್ತಿಗೆ ಬೆರಳೆತ್ತಿ ‘ತಾಳಿ’ ಎಂದು ಸನ್ನೆ ಮಾಡಿದರು. ಡಾಕ್ಟರಮ್ಮ ತಾಳಿದರು. ಆಸ್ಪತ್ರೆಯ ಒಂದು ಇಡೀ ವಿಭಾಗ ತಾಳಿತು.

ಹೊರಗೆ ಬಂದಾಗ ಹನ್ನೊಂದು. ಭಾವಮೈದನಿಗೆ ಪಾಠ ಹೇಳುವ ಹೊತ್ತಾಗಿತ್ತು. ಹೋಗುವ ಮುಂಚೆ ಅವನು ನನ್ನ ಹತ್ತಿರ ಬಂದು, “ನೀವು ಯಾವತ್ತಾದ್ರೂ ಕಾರು ಕಲಿಯೋ ಆಸೆ ಇಟ್ಕೊಂಡಿದ್ದರೆ ಬೇರೆ ಶಾಲೆಗೆ ಹೋಗಿ” ಎಂದು ಹೇಳಿ ಹೊರಟ.

ನಾವು ಮೂವರು ಬಸ್ ನಿಲ್ದಾಣಕ್ಕೆ ನಡೆದೆವು. ಆಸ್ಪತ್ರೆಯ ಗೋಡೆಗೆ ಒರಗಿ ಒಂದು ಕಲ್ಲುಬೆಂಚು ಇತ್ತು. ಅಣ್ಣ ಅತ್ತಿಗೆ ಅದರ ಮೇಲೆ ಕೂತರು, ನಾನು ಗೌರವದಿಂದ ನಾಲ್ಕು ಹೆಜ್ಜೆ ದೂರ ನಿಂತೆ. ಕ್ಷಮೆ ಕೇಳಬೇಕೆಂದು ಒಂದು ವಾಕ್ಯ ತಯಾರು ಮಾಡಿಕೊಂಡಿದ್ದೆ, ಮನಸ್ಸಿನಲ್ಲೇ ಎರಡು ಸಲ ತಿದ್ದಿಯೂ ಇದ್ದೆ. ಹೇಳಲು ತಿರುಗಿದರೆ ಅವರಿಬ್ಬರೂ ಬೆಚ್ಚಗಿನ ಬಿಸಿಲಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಅಣ್ಣನ ಕೈ ಮಂಡಿಯ ಮೇಲಿತ್ತು, ಅತ್ತಿಗೆಯ ಕೈ ಅದರ ಮೇಲಿತ್ತು. ನಾನು ವಾಕ್ಯವನ್ನು ನುಂಗಿಕೊಂಡೆ.

ನಮ್ಮ ಬಸ್ಸು ಬಂತು. ಅವರು ಏಳಲಿಲ್ಲ. ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಮೂರನೆಯದಕ್ಕೆ ನಾನೊಬ್ಬನೇ ಹತ್ತಿದೆ. ಕಂಡಕ್ಟರು ಬಾಗಿಲಲ್ಲಿ ಬಗ್ಗಿ, ಬೆಂಚಿನ ಕಡೆ ಕೈತೋರಿಸಿ, “ಅವರು ನಿಮ್ಮವರಲ್ವಾ? ಬರಲ್ವಾ?” ಎಂದು ಕೇಳಿದ.

“ಇಲ್ಲಪ್ಪಾ,” ಅಂದೆ. “ನೀನು ಮೆಲ್ಲಗೆ ಹೊರಡು. ಹಾರನ್ ಹೊಡೀಬೇಡ.”